ಮನೆಯಂಗಳದ ಕೊಳದಲ್ಲಿ ಜೀವವಿರಲಿ

ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ದಾಸೋಹದ ಪಂಕ್ತಿಗೆ ಹೊರಟ ಹೊತ್ತಿನಲ್ಲಿ ಹಳಿಯಾಳ ಕಡೆಯ ಸದ್ಭಕ್ತರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ, ತಮ್ಮ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ತೋರಿಸಿದರು. ಹೊಸ ಮನೆಯ ಮುಂದೆ ಅವರು ಮಾಡಿಸಬೇಕೆಂದಿರುವ ಪುಟ್ಟ ಕೊಳದ ಚಿತ್ರವದು. ನೀಲಿ ಬಣ್ಣದ ಟೈಲ್ಸ್, ನಡುವೆ ಚಿಮ್ಮುವ ಕಾರಂಜಿ, ಸುತ್ತಲೂ ಚಾಪೆಯಂತೆ ಸುತ್ತಿ ತರುವ ಹುಲ್ಲುಹಾಸು, ಅದರಾಚೆ ಬಿಳಿಯ ಗುಂಡುಕಲ್ಲುಗಳು. ಗುತ್ತಿಗೆದಾರರು ಎಂಬತ್ತೈದು ಸಾವಿರ ರೂಪಾಯಿಯ ಲೆಕ್ಕ ಕೊಟ್ಟಿದ್ದಾರಂತೆ. "ಡಾಕ್ಟರ್ ಸಾಹೇಬರ, ಮನಿ ಮುಂದ ನೀರಿದ್ದರ ಮನಸ್ಸಿಗೆ ತಂಪಲ್ಲೇನ್ರೀ? ಆರೋಗ್ಯಕ್ಕೂ ಚಲೋ ಅಂತ ನಮ್ಮ ಪತ್ರಿಕೆಯೊಳಗ ನೀವ ಒಂದು ಬರೀರಿ" ಎಂದರು.

ಬರೆಯುತ್ತಿದ್ದೇವೆ. ಆದರೆ ಅವರು ನಿರೀಕ್ಷಿಸಿದಂತೆ ಬರೆಯಲಾರೆವು. ಮನೆಯಂಗಳದಲ್ಲಿ ನೀರಿರುವುದು ಒಳ್ಳೆಯದೇ. ಆದರೆ ಆ ನೀರಿನಲ್ಲಿ ಜೀವವಿರಬೇಕು. ಮೀನು, ಗಿಡ, ಕಪ್ಪೆ, ನೀರು ಕುಡಿಯಲು ಬರುವ ಹಕ್ಕಿ ಇವೆಲ್ಲ ಸೇರಿ ಅದನ್ನು ಕಾಯಬೇಕು. ಹಾಗಿಲ್ಲದ ಕೊಳ ಎಷ್ಟೇ ಹಣ ತೆತ್ತು ಕಟ್ಟಿಸಿದರೂ ಸೊಳ್ಳೆಯ ತೊಟ್ಟಿಲೇ ಸರಿ. ಜೀವವಿರುವ ಕೊಳಕ್ಕೆ ಎಂಬತ್ತೈದು ಸಾವಿರ ಬೇಡ, ಮೂರು ಸಾವಿರವೇ ಸಾಕು. ಇದನ್ನು ನಾವು ಓದಿ ತಿಳಿದದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಹೆಚ್ಚು. ಆದ್ದರಿಂದ ಆ ಕಥೆಯನ್ನೇ ಮೊದಲು ಹೇಳಿಬಿಡುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ನಾವೂ ಮನೆಯ ಮುಂದೆ ಸಿಮೆಂಟಿನ ಕೊಳವೊಂದನ್ನು ಕಟ್ಟಿಸಿದೆವು. ಒಂದು ರೆಸಾರ್ಟಿನ ಅಂಗಳದಲ್ಲಿ ಕಂಡದ್ದನ್ನು ಮೆಚ್ಚಿ ಮಾಡಿಸಿದ್ದು ಅದು. ನೀರು ಚಿಮ್ಮಿಸುವ ಪಂಪು ಮೊದಲ ಮಳೆಗಾಲದಲ್ಲಿಯೇ ಸುಟ್ಟುಹೋಯಿತು. ಎರಡನೆಯ ಬೇಸಿಗೆಯಲ್ಲಿ ಸಿಮೆಂಟು ಬಿರುಕು ಬಿಟ್ಟು ನೀರು ಅರ್ಧಕ್ಕೆ ಇಳಿಯಿತು. ದುರಸ್ತಿ ಮಾಡಿಸೋಣ ಎನ್ನುತ್ತ ದಿನ ದೂಡಿದೆವು. ತಳದಲ್ಲಿ ಒಂದು ಗೇಣು ನೀರು ನಿಂತೇ ಇತ್ತು. ಆ ವರ್ಷದ ಆಷಾಢದಲ್ಲಿ ನಮ್ಮ ಮೊಮ್ಮಗನಿಗೆ ಜ್ವರ ಬಂದಿತು. ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ಮುರಿದಂಥ ಬೇನೆ, ನಾಲ್ಕನೆಯ ದಿನಕ್ಕೆ ಮೈಮೇಲೆ ಕೆಂಪು ಗಂಧೆ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಹುಡುಗ ಗುಣಮುಖನಾಗಿ ಬಂದನು. ಮರುದಿನ ನಮ್ಮ ಭಾಗದ ಆಶಾ ಕಾರ್ಯಕರ್ತೆ ಮನೆಗೆ ಬಂದು, ಅಂಗಳದ ಕೊಳದೊಳಗೆ ಟಾರ್ಚ್ ಬಿಟ್ಟು ನಮ್ಮನ್ನು ಕರೆದರು. ಬೆಳಕು ಬಿದ್ದೊಡನೆ ನೂರಾರು ಮರಿಹುಳುಗಳು ತಲೆಕೆಳಗಾಗಿ ಕುಣಿಯುತ್ತ ತಳಕ್ಕೆ ಇಳಿದವು. ಆ ತಾಯಿ ಒಂದು ಮಾತನ್ನೂ ಆಡಲಿಲ್ಲ. ಸುತ್ತಲಿನ ಊರವರಿಗೆಲ್ಲ "ನೀರು ನಿಲ್ಲಗೊಡಬೇಡಿ" ಎಂದು ವರ್ಷಗಟ್ಟಲೆ ಹೇಳುತ್ತ ಬಂದ ವೈದ್ಯರ ಅಂಗಳವದು. ಆ ದಿನದ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಸೊಳ್ಳೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ "ಕೊಳಚೆ ಇದ್ದಲ್ಲಿ ಸೊಳ್ಳೆ, ನಮ್ಮದು ಸ್ವಚ್ಛ ನೀರು" ಎಂಬ ನಂಬಿಕೆಯೇ ಅನೇಕರನ್ನು ಮೋಸಗೊಳಿಸುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬಯಸುವುದೇ ಸ್ವಚ್ಛವಾದ, ಅಲುಗಾಡದ ನೀರನ್ನು. ಅದು ಕಚ್ಚುವುದು ಹಗಲಿನಲ್ಲಿ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅದರ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಬತ್ತಿದರೂ ತಿಂಗಳುಗಟ್ಟಲೆ ಒಣಗಿಯೇ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಸಿಮೆಂಟಿನ, ಟೈಲ್ಸಿನ ತೊಟ್ಟಿಯ ನೇರ ಗೋಡೆ ಈ ಸೊಳ್ಳೆಗೆ ಹೇಳಿ ಮಾಡಿಸಿದಂತಿರುತ್ತದೆ. ಇಳಿಜಾರು ದಡವಿದ್ದು, ಮೀನು ಓಡಾಡುವ, ಗಾಳಿಗೆ ತೆರೆಯೇಳುವ ನೀರು ಅದಕ್ಕೆ ಅಷ್ಟು ಹಿತವಲ್ಲ. ಮರಿಹುಳು ಹುಟ್ಟಿದರೂ ಮೀನು ಅದನ್ನು ಉಳಿಸುವುದಿಲ್ಲ.

ನಮ್ಮ ಪ್ರಾಚೀನರಿಗೆ ಸೊಳ್ಳೆಯ ಹೊಟ್ಟೆಯೊಳಗಿನ ವಿಷಾಣು ಗೊತ್ತಿರಲಿಲ್ಲ, ನಿಜ. ಆದರೆ ಅವರ ಕಣ್ಣು ಸೂಕ್ಷ್ಮವಾಗಿತ್ತು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಇಡೀ ಜನಪದವನ್ನೇ ಹಾಳುಮಾಡುವ ರೋಗಗಳ ವಿಚಾರ ಬರುತ್ತದೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕು ಕೆಟ್ಟಾಗ ಪ್ರಕೃತಿ ಬೇರೆಬೇರೆಯಾದ ಜನರಿಗೂ ಒಂದೇ ರೋಗ ಏಕಕಾಲಕ್ಕೆ ತಗಲುತ್ತದೆ ಎಂಬುದು ಅಲ್ಲಿನ ಸಿದ್ಧಾಂತ. ಕೆಟ್ಟ ನೆಲದ ಲಕ್ಷಣಗಳನ್ನು ಹೇಳುವಾಗ ಸೊಳ್ಳೆ, ನೊಣ, ಇಲಿಗಳು ಹೆಚ್ಚುವುದನ್ನು ಎಣಿಸಿದ್ದಾರೆ. ಕೆಟ್ಟ ನೀರಿನ ಲಕ್ಷಣಗಳಲ್ಲಿ ವಾಸನೆ, ಬಣ್ಣ, ರುಚಿಗಳ ವಿಕಾರದ ಜೊತೆಗೆ, ನೀರಹಕ್ಕಿಗಳು ಬಿಟ್ಟುಹೋದ ನೀರು ಎಂಬ ಮಾತೂ ಇದೆ. ಹಕ್ಕಿ ಬಾರದ ನೀರು ರೋಗದ ನೀರು ಎಂಬ ಈ ಪರೀಕ್ಷೆಗೆ ಯಾವ ಪ್ರಯೋಗಾಲಯವೂ ಬೇಡ. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿ ನೀರಿನ ದಡದಲ್ಲಿ ಒಂದು ಗಳಿಗೆ ಕುಳಿತುಬಂದವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಆ ದೊಡ್ಡ ಜಲಾಶಯಕ್ಕೆ ಯಾವ ನ್ಯಾಯವೋ ನಮ್ಮ ಅಂಗಳದ ಆರಡಿ ಕೊಳಕ್ಕೂ ಅದೇ ನ್ಯಾಯ.

ಸುಶ್ರುತರಂತೂ ಸೂತ್ರಸ್ಥಾನದ ನಲವತ್ತೈದನೆಯ ಅಧ್ಯಾಯದಲ್ಲಿ ಬಾವಿ, ನದಿ, ಸರೋವರ, ಕೆರೆ, ಝರಿ ಎಂದು ನೀರನ್ನು ನೆಲೆಯ ಮೇಲಿಂದ ವಿಂಗಡಿಸಿ ಗುಣ ಹೇಳಿದ್ದಾರೆ. ಕಲಕಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳಲ್ಲಿ ಚಿಲ್ಲದ ಬೀಜದ ಜೊತೆಗೆ ತಾವರೆಯ ಗಡ್ಡೆಯನ್ನೂ ಪಾಚಿಯ ಬೇರನ್ನೂ ಸೇರಿಸಿದ್ದಾರೆ. ನೀರಿನ ಗಿಡ ನೀರನ್ನು ಕಾಯುತ್ತದೆ ಎಂಬ ತಿಳಿವು ಹೊಸದಲ್ಲ. ಹಾಗೆಂದು ಅಂಗಳದ ಕೊಳದ ನೀರನ್ನು ಯಾರೂ ಕುಡಿಯಬಾರದು. ಅದು ಹಕ್ಕಿಗೆ, ಗಿಡಕ್ಕೆ, ಕಣ್ಣಿಗೆ.

ಇನ್ನು ಮಾಡುವ ಬಗೆ. ನಮ್ಮ ನಾಲ್ಕು ತಾಲೂಕುಗಳ ನೆಲ ಒಂದೇ ತೆರನಾಗಿಲ್ಲ. ಮುಂಡಗೋಡ, ಹಳಿಯಾಳಗಳ ಗದ್ದೆಯ ಬಯಲಿನಲ್ಲಿ ಜೇಡಿಮಣ್ಣು ಸಿಗುತ್ತದೆ. ಅಲ್ಲಿ ಹಿಂದೆ ಅಜ್ಜಂದಿರು ಹೊಂಡ ತೋಡಿ, ಕೆರೆಯ ಜೇಡಿಯನ್ನು ಸುರುವಿ, ನೀರು ಹಾಕಿ ಕಾಲಿನಿಂದ ತುಳಿದು ತುಳಿದು ಹದ ಮಾಡಿದರೆ ನೀರು ನಿಲ್ಲುತ್ತಿತ್ತು. ಈಗಲೂ ನಿಲ್ಲುತ್ತದೆ, ಖರ್ಚು ಬೆವರಿನದು ಮಾತ್ರ. ಜೋಯಿಡಾ ಮತ್ತು ದಾಂಡೇಲಿಯ ಕಡೆ ಕೆಂಪುಕಲ್ಲಿನ ನೆಲ. ಅದು ಜರಡಿಯಿದ್ದಂತೆ, ಎಷ್ಟು ಮಳೆ ಸುರಿದರೂ ಕುಡಿದುಬಿಡುತ್ತದೆ. ಅಲ್ಲಿ ಕೃಷಿಹೊಂಡಕ್ಕೆ ಹಾಸುವ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ಸಿಮೆಂಟಿಗಿಂತ ಇದು ಮೇಲು. ನೆಲ ಹಿಗ್ಗಿ ಕುಗ್ಗಿದರೂ ಬಿರಿಯುವುದಿಲ್ಲ, ತೂತಾದರೆ ತೇಪೆ ಹಾಕಬಹುದು.

ನಮ್ಮ ಮನೆಯ ಈಗಿನ ಕೊಳ ಆರಡಿ ಉದ್ದ, ನಾಲ್ಕಡಿ ಅಗಲ, ನಡುವೆ ಒಂದೂವರೆ ಅಡಿ ಆಳದ್ದು. ಹಾಳೆಯನ್ನು ಎಷ್ಟು ತರಬೇಕೆಂಬುದಕ್ಕೆ ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟನ್ನು ಕೂಡಿಸಿ, ಅಂಚಿಗೆಂದು ಎರಡಡಿ ಸೇರಿಸಬೇಕು, ಅಗಲಕ್ಕೂ ಹಾಗೆಯೇ. ನಮ್ಮದಕ್ಕೆ ಹನ್ನೊಂದಡಿಗೆ ಒಂಬತ್ತಡಿ ಹಾಳೆ ಬೇಕಾಯಿತು. ಅದಕ್ಕೆ 1,300 ರೂಪಾಯಿ, ಇಬ್ಬರು ಆಳುಗಳ ಒಂದು ದಿನದ ಕೂಲಿಗೆ 1,300, ಮಾಳಿಗೆಯ ನೀರು ತರುವ ಕೊಳವೆಗೆ 250. ಹಾಳೆಯ ಕೆಳಗೆ ಹಾಸಲು ಹಳೆಯ ಗೋಣಿಚೀಲ, ಅಂಚಿಗಿಡಲು ಕೆಡವಿದ ಹಳೆಯ ಗೋಡೆಯ ಕಲ್ಲು. ಒಟ್ಟು 2,850 ರೂಪಾಯಿ. ಗಿಡಕ್ಕೂ ಮೀನಿಗೂ ಒಂದು ಕಾಸನ್ನೂ ಕೊಟ್ಟಿಲ್ಲ.

ತೋಡುವ ಕೆಲಸವನ್ನು ರೋಹಿಣಿ ಮಳೆ ಬಿದ್ದು ನೆಲ ಮೆದುವಾದ ಮೇಲೆ ಮಾಡಿ, ಮೃಗಶಿರಾ ಹಿಡಿಯುವ ಮೊದಲು ಮುಗಿಸುವುದು ಜಾಣತನ. ದಂಡೆಯನ್ನು ನೆಟ್ಟಗೆ ಕಡಿಯದೆ, ಬಟ್ಟಲಿನಂತೆ ಇಳಿಜಾರಾಗಿ ತೆಗೆಯಬೇಕು. ಒಂದು ಬದಿಯಲ್ಲಿ ಗೇಣಾಳದ ಮೆಟ್ಟಿಲು ಬಿಡಬೇಕು. ಆ ಮೆಟ್ಟಿಲಿನ ಮೇಲೆ ಗಿಡ ನಿಲ್ಲುತ್ತದೆ, ಹಕ್ಕಿ ಮೀಯುತ್ತದೆ, ಬಿದ್ದ ಓತಿಕ್ಯಾತವೂ ಹತ್ತಿ ಹೋಗುತ್ತದೆ. ಮನೆಯ ತಳಪಾಯದಿಂದ ಕನಿಷ್ಠ ಎಂಟು ಹತ್ತು ಅಡಿ ದೂರವಿರಲಿ. ಜೋಯಿಡಾದಂಥ ಮಳೆಯ ಸೀಮೆಯಲ್ಲಿ ಕೊಳ ತುಂಬುವುದು ಕಷ್ಟವೇ ಅಲ್ಲ, ತುಂಬಿ ಹರಿದ ನೀರು ಎತ್ತ ಹೋಗಬೇಕೆಂಬುದೇ ಪ್ರಶ್ನೆ; ಅದಕ್ಕೆ ಮೊದಲೇ ಕಾಲುವೆ ತೆಗೆದು ಬಾಳೆಯ ಬುಡಕ್ಕೆ ತಿರುಗಿಸಬೇಕು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐನೂರು ಚದರಡಿಯ ಮಾಳಿಗೆ ಎಂದರೆ ಸುಮಾರು ನಲವತ್ತಾರು ಚದರ ಮೀಟರ್. ಇಪ್ಪತ್ತು ಮಿಲಿಮೀಟರಿನ ಒಂದೇ ಹದಮಳೆ ನಮ್ಮ ಕೊಳವನ್ನು ತುಂಬಿಸಿಬಿಡುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಆರುವ ನೀರು ದಿನಕ್ಕೆ ಒಂದು ಕೊಡದಷ್ಟು. ಅದನ್ನು ಹಾಕಲು ಮರೆಯಬಾರದು. ನಳದ ನೀರಾದರೆ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಬೇಕು, ಕ್ಲೋರಿನ್ ಇದ್ದರೆ ಮೀನು ಉಳಿಯದು. ಬಚ್ಚಲಿನ ನೀರನ್ನು ಮಾತ್ರ ಕೊಳಕ್ಕೆ ಬಿಡಲೇಬೇಡಿ. ಸಾಬೂನಿನ ನೀರು ಕೆಸುವಿಗೆ, ಬಾಳೆಗೆ ಹೋಗಲಿ.

ಮೀನಿನ ಮಾತಿಗೆ ಬರೋಣ. ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿ ತಿನ್ನುವ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಬಹುದು. ಹತ್ತು ಹನ್ನೆರಡು ಮೀನು ಬಿಟ್ಟರೆ ಸಾಕು, ಮೂರು ತಿಂಗಳಲ್ಲಿ ಅವೇ ಹೆಚ್ಚುತ್ತವೆ. ಅವಕ್ಕೆ ಅನ್ನ, ಮಂಡಕ್ಕಿ ಹಾಕಬಾರದು. ಹೊಟ್ಟೆ ತುಂಬಿದ ಮೀನು ಹುಳು ಹುಡುಕುವುದಿಲ್ಲ, ಮಿಕ್ಕ ಅನ್ನ ಕೊಳೆತು ನೀರು ನಾರುತ್ತದೆ. ಆದರೆ ಇವೆರಡೂ ಹೊರದೇಶದ ಮೀನುಗಳು. ನಮ್ಮ ಮೂರು ತಾಲೂಕುಗಳ ಹಳ್ಳಗಳು ಕೊನೆಗೆ ಸೇರುವುದು ಕಾಳಿ ನದಿಯನ್ನು. ಬೇರೆಲ್ಲಿಯೂ ಇಲ್ಲದ ಮೀನುಗಳು ಪಶ್ಚಿಮಘಟ್ಟದ ಹೊಳೆಗಳಲ್ಲಿವೆ, ಗಂಬೂಸಿಯಾ ಅವುಗಳ ಮೊಟ್ಟೆ ಮರಿಗಳನ್ನು ತಿನ್ನುತ್ತದೆ. ಆದ್ದರಿಂದ ಹಳ್ಳದ ಪಕ್ಕದ ಮನೆಯವರು ನೆಲದ ಮೀನನ್ನೇ ತರಲಿ. ಗದ್ದೆಯ ಕಾಲುವೆಯಲ್ಲಿ, ಹಳೆಯ ಬಾವಿಯಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಈಜುವ, ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯುಳ್ಳ ಸಣ್ಣ ಮೀನನ್ನು ಎಲ್ಲರೂ ಕಂಡಿರುತ್ತೀರಿ. ಸೊಳ್ಳೆಮರಿ ತಿನ್ನುವುದರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. "ಶಾಕಾಹಾರಿಗಳ ಮನೆಯಲ್ಲಿ ಮೀನು ಸಾಕಬಹುದೇ? ಅದು ಹುಳು ತಿಂದರೆ ಹಿಂಸೆಯ ಪಾಲು ನಮಗೆ ಬಾರದೇ?" ಎಂದು ತಾಯಿಯೊಬ್ಬರು ನಮ್ಮನ್ನು ಕೇಳಿದರು. ಮೀನನ್ನು ನಾವು ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ಅದರ ಆಹಾರವನ್ನು ಅದು ತಿನ್ನುತ್ತದೆ. ಕೊಳಕ್ಕೆ ಸೀಮೆಎಣ್ಣೆ ಸುರಿದು ಕಪ್ಪೆ, ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವನ್ನೂ ಒಟ್ಟಿಗೆ ಸಾಯಿಸುವುದಕ್ಕಿಂತ ಇದರಲ್ಲಿ ದಯೆ ಹೆಚ್ಚು ಎಂದೇ ನಮ್ಮ ಭಾವನೆ.

ಗಿಡಗಳ ವಿಚಾರದಲ್ಲಿ ನಮ್ಮ ನೆಲ ಶ್ರೀಮಂತ. ನೀರೊಳಗೆ ನೈದಿಲೆ ಅಥವಾ ತಾವರೆ, ಒಂದು ಸಾಕು. ಒಡೆದ ಪ್ಲಾಸ್ಟಿಕ್ ಬುಟ್ಟಿಗೆ ಜೇಡಿಮಣ್ಣು ತುಂಬಿ ಗಡ್ಡೆಯನ್ನಿಟ್ಟು ಮುಳುಗಿಸಿದರೆ ಬೇರು ಎಲ್ಲೆಡೆ ಹಬ್ಬುವುದಿಲ್ಲ. ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ಬೇಕು. ನೀರಿನ ಅರ್ಧಭಾಗವನ್ನು ಎಲೆ ಮುಚ್ಚಿದರೆ ಪಾಚಿ ಕಡಿಮೆ, ಮೀನಿಗೆ ನೆರಳು. ಗೇಣಾಳದ ಮೆಟ್ಟಿಲಿನಲ್ಲಿ ಬಜೆಯನ್ನು ನೆಡಿ. ಕೆಸರಿನಲ್ಲಿಯೇ ಸುಖವಾಗಿ ಬೆಳೆಯುವ ಗಿಡವದು, ಕತ್ತಿಯಂಥ ಎಲೆಯನ್ನು ಸವರಿದರೆ ಕೈಯೆಲ್ಲ ಘಮಘಮ. ಆದರೆ ಹಸುಗೂಸಿಗೆ ಬಜೆ ತೇದು ನೆಕ್ಕಿಸುವ ರೂಢಿಯನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಪ್ರಮಾಣ ಮೀರಿದರೆ ಅದು ವಾಂತಿ ಮಾಡಿಸುವ ದ್ರವ್ಯ. ದಂಡೆಯ ತೇವದಲ್ಲಿ ಒಂದೆಲಗ ತಾನಾಗಿ ಹಬ್ಬುತ್ತದೆ. ತಂಬುಳಿಗೆ ನಾಲ್ಕೆಲೆ ಬೇಕೆಂದಾಗ ಸಂತೆಗೆ ಓಡಬೇಕಾಗಿಲ್ಲ. ಕಿತ್ತು ಚೆನ್ನಾಗಿ ತೊಳೆದೇ ಬಳಸಬೇಕು, ನಾಯಿ ಬೆಕ್ಕು ಅಡ್ಡಾಡುವ ಜಾಗವದು. ಅದರ ಪಕ್ಕದಲ್ಲಿ ನೀರುಬ್ರಾಹ್ಮಿ, ಗರಗ. ಇಳಿಜಾರಿನ ಮಣ್ಣು ಕುಸಿಯದಂತೆ ಲಾವಂಚ. ಅದರ ಬೇರು ಆಳಕ್ಕಿಳಿದು ದಂಡೆಯನ್ನು ಹಿಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಕಿತ್ತರೆ ಕುಡಿಯುವ ನೀರಿನ ಗಡಿಗೆಗೆ ಹಾಕಲು ಸುಗಂಧದ ಬೇರು. ಸ್ವಲ್ಪ ದೂರ ಸರಿದು ನಿಂಬೆಹುಲ್ಲು, ದೊಡ್ಡಪತ್ರೆ, ಅರಿಶಿನ, ಬೇಲಿಯ ಮೇಲೆ ಅಮೃತಬಳ್ಳಿ. ಜಾಗವಿದ್ದವರು ಜೋಯಿಡಾದ ಕುಣಬಿ ಬಾಂಧವರನ್ನು ಕೇಳಿ ಒಂದೆರಡು ಗಡ್ಡೆಗೆಣಸಿನ ಬೀಜಗಡ್ಡೆ ತಂದು ನೆಡಲಿ; ಅಂಗಳವೂ ಹಸಿರು, ಸಾರಿಗೂ ಬಂತು.

ಇಷ್ಟಲಿಂಗ ಪೂಜೆಗೆ ನಿತ್ಯ ಪತ್ರೆ, ಹೂವು ಬೇಕು. ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಹೂವಿಗಿಂತ ಅಂಗಳದ ಹೂವು ಮೇಲಲ್ಲವೇ? ಬಿಲ್ವದ ಸಸಿಯೊಂದನ್ನು ಕೊಳದಿಂದ ಹದಿನೈದಡಿ ಆಚೆ ನೆಟ್ಟರೆ ಎಲೆ ಉದುರಿ ನೀರು ಕೆಡುವುದಿಲ್ಲ. ದಾಸವಾಳ, ನಂದಿಬಟ್ಟಲು, ಮಲ್ಲಿಗೆ ಹತ್ತಿರವೇ ಇರಲಿ. ಆದರೆ ಕಣಗಿಲೆಯ ವಿಷಯದಲ್ಲಿ ನಮ್ಮದು ಕಠಿಣ ಮಾತು. ಹೂವು ಚೆಂದ, ಪೂಜೆಗೆ ಶ್ರೇಷ್ಠ, ನಿಜ. ಅದರ ಎಲೆ, ತೊಗಟೆ, ಬೇರು, ಹೂವು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷ. ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಉಗ್ರ. ಚಿಕ್ಕ ಮಕ್ಕಳು ಆಡುವ, ಕರು ಕಟ್ಟುವ ಅಂಗಳದಲ್ಲಿ, ಅದರಲ್ಲಿಯೂ ಎಲೆ ಉದುರಿ ನೀರಿಗೆ ಬೀಳುವಂತೆ ಕೊಳದ ದಂಡೆಯಲ್ಲಿ, ಅದು ಬೇಡ. ಹಿತ್ತಿಲ ಬೇಲಿಗೆ ಇರಲಿ.

ನೀರಿಗೆ ತರಬಾರದ ಗಿಡವೂ ಒಂದಿದೆ. ಎಲೆಕೋಸಿನ ಪುಟ್ಟ ಗಡ್ಡೆಯಂತೆ ತೇಲುವ ಅಂತರಗಂಗೆಯನ್ನು ಕೆರೆಯಿಂದ ತಂದು ಬಿಡುವವರನ್ನು ಕಂಡಿದ್ದೇವೆ. ಅದು ತಿಂಗಳೊಳಗೆ ನೀರನ್ನೆಲ್ಲ ಮುಚ್ಚುತ್ತದೆ. ಅಷ್ಟೇ ಅಲ್ಲ, ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿ ನೀರಿನ ಮೇಲೆ ಬಂದು ಉಸಿರಾಡುವುದಿಲ್ಲ. ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಉಸಿರೆಳೆದುಕೊಂಡು ಮೀನಿನ ಕಣ್ಣು ತಪ್ಪಿಸಿ ಬೆಳೆಯುತ್ತದೆ. ಕೆಲವು ಸೀಮೆಗಳಲ್ಲಿ ಆನೆಕಾಲು ರೋಗ ಹರಡುವುದೂ ಈ ಜಾತಿಯ ಸೊಳ್ಳೆಯಿಂದಲೇ. ಆ ಗಿಡ ನಿಮ್ಮ ಕೊಳದಿಂದ ಕೋಡಿ ಹರಿದು ಊರ ಕೆರೆ ಸೇರಿದರೆ ಕೆರೆಯೂ ಹೋಯಿತು.

ಕೊಳ ಸರಿಯಾದ ಮೇಲೂ ಅಂಗಳದ ಉಳಿದ ಮೂಲೆಗಳನ್ನು ಮರೆಯಬೇಡಿ. ನಮ್ಮ ಮನೆಯ ಕೊಳಕ್ಕೆ ಮೀನು ಬಂದ ಮೇಲೆ ಸೊಳ್ಳೆಮರಿ ಸಿಕ್ಕಿದ್ದು ಎಲ್ಲಿ ಗೊತ್ತೇ? ಅಂದಕ್ಕೆಂದು ಗೇಟಿನ ಬಳಿ ಇಟ್ಟಿದ್ದ ಅಜ್ಜಿಯ ಕಾಲದ ಒರಳುಕಲ್ಲಿನ ಕುಳಿಯಲ್ಲಿ. ಈಗ ಅದಕ್ಕೆ ಮಣ್ಣು ತುಂಬಿ ತುಳಸಿ ನೆಟ್ಟಿದ್ದೇವೆ. ಹೂವು ತೇಲಿಸುವ ಹಿತ್ತಾಳೆಯ ಉರುಳಿ, ಹೂಕುಂಡದ ಕೆಳಗಿನ ತಟ್ಟೆ, ತೆಂಗಿನ ಕರಟ, ಹಳೆಯ ಟೈರು, ತೋಟದಲ್ಲಿ ಉದುರಿದ ಅಡಿಕೆ ಹಾಳೆ ಇವೆಲ್ಲವೂ ಈಡಿಸ್ ಸೊಳ್ಳೆಯ ಮನೆಗಳೇ. ಕೆಸುವಿನ, ಅನಾನಸಿನ ಎಲೆಯ ಸಂದಿಯಲ್ಲಿ ನಿಂತ ಒಂದು ಚಮಚ ನೀರೂ ಸಾಕು. ವಾರಕ್ಕೊಂದು ದಿನ, ಸೋಮವಾರವೇ ಆಗಲಿ, ಪೂಜೆ ಮುಗಿಸಿ ಅರ್ಧ ಗಂಟೆ ಅಂಗಳ ಸುತ್ತಿದರೆ ಮುಗಿಯಿತು. ಇದಕ್ಕೂ ಪುರುಸೊತ್ತಿಲ್ಲದವರು ದಯವಿಟ್ಟು ಕೊಳ ಮಾಡಿಸಬೇಡಿ. ನಾಲ್ಕು ದಾಸವಾಳದ ಗಿಡ ನೆಟ್ಟು ಸುಖವಾಗಿರಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿತು. ದಂಡ ಚಿಕ್ಕದು, ಪಕ್ಕದ ಮನೆಯ ಮಗು ಮಲಗಿದರೆ ತೆರುವ ಬೆಲೆ ಚಿಕ್ಕದಲ್ಲ. ಜ್ವರ ಬಂದಾಗ ಪಪ್ಪಾಯಿ ಎಲೆಯ ರಸವನ್ನೇ ನಂಬಿ ದಿನ ಕಳೆಯಬೇಡಿ ಎಂದು ಆಯುರ್ವೇದದವರಾದ ನಾವೇ ಹೇಳುತ್ತಿದ್ದೇವೆ. ರಕ್ತಪರೀಕ್ಷೆ ಮಾಡಿಸಿ, ಗಂಜಿ ಎಳನೀರು ಧಾರಾಳವಾಗಿ ಕೊಡಿ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಕೊಡಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಒಂದೂವರೆ ಅಡಿ ನೀರು ನಮಗೆ ಮೊಣಕಾಲಿನಷ್ಟು. ಆಗತಾನೆ ನಡೆಯಲು ಕಲಿತ ಮಗುವಿಗೆ ಅದು ಪ್ರಾಣಾಂತಿಕ. ಮಗು ಮುಗ್ಗರಿಸಿ ಮುಖ ಮುಳುಗಿದರೆ ಗೇಣು ನೀರೂ ಸಾಕು, ಕೂಗು ಕೂಡ ಕೇಳಿಸುವುದಿಲ್ಲ. ಮಗುವಿಗೆ ಐದು ವರ್ಷ ತುಂಬುವವರೆಗೆ ಕೊಳದ ಯೋಚನೆಯನ್ನು ಮುಂದೂಡಿ, ಇಲ್ಲವೇ ನೀರಿನ ಮೇಲೆ ಎರಡಂಗುಲ ಬಿಟ್ಟು ಗಟ್ಟಿ ಕಬ್ಬಿಣದ ಜಾಲರಿ ಕೂಡಿಸಿ. ನೈದಿಲೆ ಅದರ ಸಂದಿಯಿಂದಲೇ ಮೇಲೆ ಬರುತ್ತದೆ.

ಹಾವಿನ ಭಯವನ್ನು ಎಲ್ಲರೂ ಹೇಳುತ್ತಾರೆ. ಕಪ್ಪೆ ಇದ್ದಲ್ಲಿ ಹಾವು ಬರಬಹುದು, ಸುಳ್ಳಲ್ಲ. ಆದರೆ ಅದು ನಿಲ್ಲುವುದು ಕಲ್ಲಿನ ರಾಶಿ, ಕಟ್ಟಿಗೆಯ ಒಟ್ಟಲು, ಎದೆಯೆತ್ತರದ ಕಳೆ ಇದ್ದರೆ. ಅಂಚಿನ ಕಲ್ಲುಗಳ ಸಂದಿಗೆ ಮಣ್ಣು ತುಂಬಿ, ನಡೆದಾಡುವ ಹಾದಿಯನ್ನು ಬೋಳಾಗಿಟ್ಟು, ಕತ್ತಲಲ್ಲಿ ಟಾರ್ಚ್ ಹಿಡಿದರೆ ಸಾಕು. ಕಚ್ಚಿದರೆ ಬೇರು, ಮಂತ್ರ ಎನ್ನದೆ ನೇರ ಸರ್ಕಾರಿ ಆಸ್ಪತ್ರೆಗೆ.

ಇನ್ನು ದಿಕ್ಕು. ಕೊಳದ ಮಾತೆತ್ತಿದರೆ ಹತ್ತರಲ್ಲಿ ಎಂಟು ಮಂದಿ ಕೇಳುವ ಮೊದಲ ಪ್ರಶ್ನೆ, "ಈಶಾನ್ಯಕ್ಕೆ ಇರಬೇಕೋ ಹೇಗೆ?" ಎಂಬುದೇ. ಬಸವಾದಿ ಶರಣರನ್ನು ನಂಬಿದ ಮನೆಯಲ್ಲಿ ಈ ಪ್ರಶ್ನೆ ಹೇಗೆ ಹೊಕ್ಕಿತೋ ತಿಳಿಯದು. ನೀರು ಹರಿಯುವ ದಿಕ್ಕು, ಬಿಸಿಲು ಬೀಳುವ ದಿಕ್ಕು, ಅಡುಗೆಮನೆಯ ಕಿಟಕಿಯಿಂದ ಕಣ್ಣಿಗೆ ಬೀಳುವ ದಿಕ್ಕು ಈ ಮೂರನ್ನು ನೋಡಿದರೆ ಸಾಕು. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಜನರಿಗೂ ದನಕರುಗಳಿಗೂ ನೀರಾಗಲೆಂದು. ಅಂಥವರ ಪರಂಪರೆಯ ನಾವು ಅಂಗಳದ ನೀರಿಗೂ ಅದೇ ಅಳತೆಯನ್ನು ಹಿಡಿಯಬೇಕಲ್ಲವೇ? ಆ ನೀರು ಯಾವ ಜೀವಕ್ಕೆ ಒದಗುತ್ತದೆ ಎಂದು ಕೇಳಿಕೊಂಡರೆ ಟೈಲ್ಸಿನ ಬಣ್ಣದ ಚರ್ಚೆ ತಾನಾಗಿ ನಿಲ್ಲುತ್ತದೆ.

ಇತ್ತೀಚೆಗೆ ದಾಂಡೇಲಿ, ಗಣೇಶಗುಡಿಯ ಸುತ್ತ ರೆಸಾರ್ಟುಗಳು ಹೆಚ್ಚಿದಂತೆ ಅವುಗಳ ಅಂಗಳವೇ ನಮ್ಮ ಮನೆಗಳಿಗೂ ಮಾದರಿಯಾಗುತ್ತಿದೆ. ಪ್ರವಾಸಿ ಎರಡು ದಿನ ಇದ್ದು ಹೋಗುತ್ತಾನೆ; ಅಲ್ಲಿ ನೀರು ಬದಲಿಸಲು ಸಂಬಳದ ಆಳಿರುತ್ತಾನೆ. ನಮ್ಮ ಮನೆಯಲ್ಲಿ ಆ ಆಳು ಯಾರು? ಅಂಗಳಕ್ಕೆಲ್ಲ ಸಿಮೆಂಟಿನ ಇಟ್ಟಿಗೆ ಹಾಸಿ, ಸಗಣಿ ಸಾರಿಸುವ ಶ್ರಮ ತಪ್ಪಿತೆಂದು ಸಂತೋಷಪಡುವವರ ಮನೆ ಏಪ್ರಿಲ್ ತಿಂಗಳಲ್ಲಿ ಕಾವಲಿಯಂತೆ ಕಾಯುತ್ತದೆ. ಕಾಡಿನ ನಡುವಿನ ಊರುಗಳಲ್ಲಿದ್ದುಕೊಂಡು ನಾವು ಬಾವಿ ಬತ್ತಿತೆಂದು ದೂರುತ್ತೇವೆ, ಅಂಗಳಕ್ಕೆ ಬಿದ್ದ ಮಳೆಯನ್ನು ನೆಲಕ್ಕಿಳಿಯಗೊಡುವುದಿಲ್ಲ. ನೀರು ಬೇಡುವ ಹುಲ್ಲುಹಾಸಿನ ಬದಲು, ಗರಿಕೆಯನ್ನೇ ಹಬ್ಬಲು ಬಿಟ್ಟು ತಿಂಗಳಿಗೊಮ್ಮೆ ಕುಡುಗೋಲಾಡಿಸಿದರೆ ಏನು ಕಡಿಮೆ? ಕಾರು ನಿಲ್ಲುವಲ್ಲಿ ಮಾತ್ರ ಕಲ್ಲು ಹಾಸಿ, ಉಳಿದುದನ್ನು ಮಣ್ಣಿಗೆ ಬಿಡಿ.

ಹಳಿಯಾಳದ ಆ ಭಕ್ತರು ಹೋದ ವಾರ ನಮ್ಮ ಮನೆಗೆ ಬಂದಿದ್ದರು. ಕೊಳದ ಬಳಿ ಕಾಲು ಗಂಟೆ ಕುಳಿತರು. ನೈದಿಲೆಯ ಎಲೆಯ ಮೇಲೆ ಕುಳಿತ ಮಿಂಚುಳ್ಳಿಯೊಂದು ಗಪ್ಪಿಯನ್ನು ಕಚ್ಚಿಕೊಂಡು ಹಾರಿತು. "ಅಯ್ಯೋ, ನಿಮ್ಮ ಮೀನು ಹೋತಲ್ರೀ!" ಎಂದು ಗಾಬರಿಯಾದರು. ಎಂಬತ್ತೈದು ಸಾವಿರದ ಲೆಕ್ಕ ಏನಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೋಗುವಾಗ ಎರಡು ಬಜೆಗಡ್ಡೆ ಬೇಡಿ ಒಯ್ದರು.

ಬಜೆ, ಒಂದೆಲಗ, ಲಾವಂಚದ ಕಂತೆ ಮತ್ತು ನೈದಿಲೆಯ ಗಡ್ಡೆ ನಮ್ಮಲ್ಲಿ ಸಾಕಷ್ಟಿವೆ. ಮುಂದಿನ ಹುಣ್ಣಿಮೆಗೆ ಶ್ರೀಮಠಕ್ಕೆ ತರುತ್ತೇವೆ, ಬೇಕಾದವರು ದಾಸೋಹದ ಬಳಿಕ ಬಂದು ಒಯ್ಯಬಹುದು. ಬರುವಾಗ ಹಳೆಯ ಸೀರೆಯ ತುಂಡೊಂದನ್ನು ತನ್ನಿ. ಗಡ್ಡೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಒಯ್ದು, ಅದೇ ಸಂಜೆ ಕೆಸರಿಗೆ ಇಳಿಸಬೇಕು.